ಅಕ್ವೇರಿಯಂ ಶೋಧಕ ಮಾಧ್ಯಮಗಳು

ಅಕ್ವೇರಿಯಂ ಶೋಧಕ ಮಾಧ್ಯಮಗಳು ಎಂದರೆ ಮನೆಯಲ್ಲಿ ಮೀನು ಸಾಕುವ ಗಾಜಿನ ತೊಟ್ಟಿಯ ನೀರನ್ನು ಮೀನಿಗೆ ಯೋಗ್ಯವಾಗಿ ಇಡುವ ಸಲುವಾಗಿ ಫಿಲ್ಟರಿನೊಳಗೆ ತುಂಬುವ ವಸ್ತುಗಳು. ರೂಢಿಯಲ್ಲಿ ಇವನ್ನು ಫಿಲ್ಟರ್ ಮೀಡಿಯಾ ಎನ್ನುತ್ತಾರೆ. ಸ್ಪಾಂಜು, ಫಿಲ್ಟರ್ ಹತ್ತಿ, ಪಿಂಗಾಣಿ ಉಂಗುರಗಳು, ಲಾವಾ ಕಲ್ಲು, ಪ್ಲಾಸ್ಟಿಕ್ ಚೆಂಡುಗಳು, ಸಕ್ರಿಯ ಇದ್ದಿಲು, ಜಿಯೋಲೈಟ್ ಮುಂತಾದವು ಈ ಗುಂಪಿಗೆ ಸೇರುತ್ತವೆ. ಕೆಲಸದ ಆಧಾರದ ಮೇಲೆ ಇವನ್ನು ಯಾಂತ್ರಿಕ, ಜೈವಿಕ ಮತ್ತು ರಾಸಾಯನಿಕ ಎಂದು ಮೂರು ವಿಧವಾಗಿ ವಿಂಗಡಿಸಲಾಗುತ್ತದೆ.

ಇವುಗಳಲ್ಲಿ ಜೈವಿಕ ಮಾಧ್ಯಮವು ಕೇವಲ ಸೋಸುವ ಸಾಧನವಲ್ಲ. ಮೀನಿನ ವಿಸರ್ಜನೆಯಿಂದ ಉಂಟಾಗುವ ವಿಷಕಾರಿ ಅಮೋನಿಯಾವನ್ನು ಪರಿವರ್ತಿಸುವ ಸೂಕ್ಷ್ಮಜೀವಿಗಳಿಗೆ ಅದು ವಾಸಸ್ಥಾನ. ಆದುದರಿಂದ ಕೊಳಕಾದ ಮಾಧ್ಯಮವನ್ನು ನಲ್ಲಿಯ ನೀರಿನಲ್ಲಿ ಉಜ್ಜಿ ತೊಳೆಯುವುದು ಅಥವಾ ಒಮ್ಮೆಗೇ ಪೂರ್ತಿ ಬದಲಾಯಿಸುವುದು ಮೇಲ್ನೋಟಕ್ಕೆ ಶುಚಿತ್ವವೆಂದು ಕಂಡರೂ ಮೀನುಗಳ ಸಾವಿಗೆ ಕಾರಣವಾಗಬಲ್ಲದು. ಮಾಧ್ಯಮದ ಆಯ್ಕೆ ಮತ್ತು ನಿರ್ವಹಣೆಯು ಬಳಸುವ ನೀರಿನ ಗುಣವನ್ನೂ ಅವಲಂಬಿಸುತ್ತದೆ. ನದಿ, ನಾಲೆ, ಕೆರೆ ಮತ್ತು ಕೊಳವೆಬಾವಿಗಳ ನೀರು ಅಕ್ಕಪಕ್ಕದಲ್ಲೇ ಬಳಕೆಯಲ್ಲಿರುವ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಇದಕ್ಕೆ ಉತ್ತಮ ನಿದರ್ಶನವಾಗಿವೆ.

ಹಿನ್ನೆಲೆ

ನೀರನ್ನು ಮರಳಿನ ಮೂಲಕ ಹರಿಸಿ ಶುದ್ಧೀಕರಿಸುವ ಕ್ರಮ ಹಳೆಯದು. 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸಿ ಜಲಸಂಸ್ಥೆಗಾಗಿ ನಿರ್ಮಿಸಿದ ನಿಧಾನಗತಿಯ ಮರಳು ಶೋಧಕವು ನಗರ ನೀರು ಸರಬರಾಜಿನಲ್ಲಿ ಮಾದರಿಯಾಯಿತು. ಇಂತಹ ಶೋಧಕದಲ್ಲಿ ಮರಳಿನ ಮೇಲ್ಭಾಗದಲ್ಲಿ ಬೆಳೆಯುವ ಜೀವಂತ ಪದರವೇ ಶುದ್ಧೀಕರಣದ ಬಹುಪಾಲನ್ನು ಮಾಡುತ್ತದೆ ಎಂಬುದು ಮುಂದೆ ತಿಳಿದುಬಂದಿತು. ಮನೆಯ ಅಕ್ವೇರಿಯಂ ಫಿಲ್ಟರ್ ಕೂಡ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ.

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸವು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಲ್ಲಿ ಜನಪ್ರಿಯವಾಯಿತು. ಲಂಡನ್ ಮೃಗಾಲಯದ ಸಾರ್ವಜನಿಕ ಅಕ್ವೇರಿಯಂ 1853ರಲ್ಲಿ ತೆರೆಯಿತು. ಆ ಕಾಲದ ತೊಟ್ಟಿಗಳಲ್ಲಿ ಜಲಸಸ್ಯಗಳು ಮತ್ತು ಬಸವನಹುಳುಗಳು ಮೀನಿನೊಂದಿಗೆ ಸಮತೋಲನ ಕಾಯುತ್ತವೆ ಎಂದು ನಂಬಲಾಗಿತ್ತು. ಅಮೋನಿಯಾವನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳನ್ನು ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ಅಧ್ಯಯನ ಮಾಡಿದ ನಂತರ ಈ ಪ್ರಕ್ರಿಯೆಯ ಸ್ವರೂಪ ಸ್ಪಷ್ಟವಾಯಿತು. ತೊಟ್ಟಿಯಲ್ಲಿ ನೈಟ್ರೈಟನ್ನು ಪರಿವರ್ತಿಸುವುದು ಮುಖ್ಯವಾಗಿ ನೈಟ್ರೋಬ್ಯಾಕ್ಟರ್ ಎಂದು ದೀರ್ಘಕಾಲ ಭಾವಿಸಲಾಗಿತ್ತು. 1998ರಲ್ಲಿ ಪ್ರಕಟವಾದ ಸಂಶೋಧನೆಯು ಸಿಹಿನೀರಿನ ಅಕ್ವೇರಿಯಂಗಳಲ್ಲಿ ಈ ಕೆಲಸ ಮಾಡುವುದು ನೈಟ್ರೋಸ್ಪೈರಾ ಗುಂಪಿನ ಬ್ಯಾಕ್ಟೀರಿಯಾ ಎಂದು ತೋರಿಸಿತು. ಈ ಗುಂಪಿನ ಕೆಲವು ಜೀವಿಗಳು ಅಮೋನಿಯಾದಿಂದ ನೈಟ್ರೇಟ್‌ವರೆಗಿನ ಎರಡೂ ಹಂತಗಳನ್ನು ತಾವೇ ಪೂರೈಸಬಲ್ಲವು ಎಂಬುದು 2015ರಲ್ಲಿ ತಿಳಿದುಬಂದಿತು.

ಸಾರಜನಕ ಚಕ್ರ ಮತ್ತು ಮಾಧ್ಯಮದ ಪಾತ್ರ

ಮೀನುಗಳು ಆಹಾರದ ಪ್ರೋಟೀನನ್ನು ಬಳಸಿಕೊಂಡು ಉಳಿದ ಸಾರಜನಕವನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತವೆ. ತಿನ್ನದೆ ಉಳಿದ ಆಹಾರ, ಮಲ ಮತ್ತು ಕೊಳೆತ ಎಲೆಗಳಿಂದಲೂ ಅಮೋನಿಯಾ ಉಂಟಾಗುತ್ತದೆ. ಮಾಧ್ಯಮದ ಮೇಲೆ ಅಂಟಿಕೊಂಡಿರುವ ಒಂದು ಗುಂಪಿನ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಇದನ್ನು ನೈಟ್ರೀಕರಣ ಎನ್ನುತ್ತಾರೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಅಲ್ಪ ಪ್ರಮಾಣದಲ್ಲೇ ಮೀನಿಗೆ ಹಾನಿಕರ. ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕ ಸಾಗಿಸುವ ಶಕ್ತಿ ಇಲ್ಲದಂತೆ ಮಾಡುತ್ತದೆ. ನೈಟ್ರೇಟ್ ಹೋಲಿಕೆಯಲ್ಲಿ ಕಡಿಮೆ ಅಪಾಯಕಾರಿಯಾಗಿದ್ದು, ನೀರು ಬದಲಾಯಿಸುವುದರಿಂದ ಮತ್ತು ಸಸ್ಯಗಳಿಂದ ಕಡಿಮೆಯಾಗುತ್ತದೆ.

ಇದರ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಶೇಕಡ 35 ಪ್ರೋಟೀನ್ ಇರುವ 1 ಗ್ರಾಂ ಆಹಾರದಿಂದ ಸುಮಾರು 32 ಮಿ.ಗ್ರಾಂ ಅಮೋನಿಯಾ-ಸಾರಜನಕ ಉತ್ಪತ್ತಿಯಾಗುತ್ತದೆ. 100 ಲೀಟರಿನ ತೊಟ್ಟಿಗೆ ದಿನಕ್ಕೆ 1 ಗ್ರಾಂ ಆಹಾರ ಹಾಕಿದರೆ, ಶೋಧಕ ಕೆಲಸ ಮಾಡದಿದ್ದ ಪಕ್ಷದಲ್ಲಿ, ಮೂರು ದಿನಗಳಲ್ಲಿ ಲೀಟರಿಗೆ ಸುಮಾರು 1 ಮಿ.ಗ್ರಾಂ ಅಮೋನಿಯಾ-ಸಾರಜನಕ ಸೇರುತ್ತದೆ. ಇದರಲ್ಲಿ ನಿಜವಾಗಿ ವಿಷಕಾರಿಯಾದದ್ದು ಅಯಾನೀಕರಣಗೊಳ್ಳದ ಅಮೋನಿಯಾ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಪಿಎಚ್ 7 ಇರುವ ನೀರಿನಲ್ಲಿ ಅದರ ಪಾಲು ಶೇಕಡ 0.6ರಷ್ಟು ಮಾತ್ರ. ಪಿಎಚ್ 8 ಇರುವ ನೀರಿನಲ್ಲಿ ಅದು ಶೇಕಡ 5ಕ್ಕಿಂತ ಹೆಚ್ಚಾಗುತ್ತದೆ. ಅಂದರೆ ಕ್ಷಾರಗುಣದ ಕೊಳವೆಬಾವಿ ನೀರಿನಲ್ಲಿ ಅದೇ ಪ್ರಮಾಣದ ಅಮೋನಿಯಾ ಸುಮಾರು ಒಂಬತ್ತು ಹತ್ತು ಪಟ್ಟು ಹೆಚ್ಚು ಅಪಾಯಕಾರಿ.

ನೈಟ್ರೀಕರಣಕ್ಕೆ ಆಮ್ಲಜನಕ ಮತ್ತು ಕ್ಷಾರತೆ ಎರಡೂ ಬೇಕು. 1 ಮಿ.ಗ್ರಾಂ ಅಮೋನಿಯಾ-ಸಾರಜನಕದ ಪರಿವರ್ತನೆಗೆ ಸುಮಾರು 4.6 ಮಿ.ಗ್ರಾಂ ಆಮ್ಲಜನಕ ವ್ಯಯವಾಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಸುಮಾರು 7.1 ಮಿ.ಗ್ರಾಂ ಕ್ಷಾರತೆ ಖರ್ಚಾಗುತ್ತದೆ. ಮೇಲೆ ಹೇಳಿದ ತೊಟ್ಟಿಯಲ್ಲಿ ನೀರನ್ನೇ ಬದಲಾಯಿಸದೆ ಒಂದು ತಿಂಗಳು ಕಳೆದರೆ ಲೀಟರಿಗೆ 70 ಮಿ.ಗ್ರಾಂನಷ್ಟು ಕ್ಷಾರತೆ ಕಡಿಮೆಯಾಗುತ್ತದೆ. ಮೆದು ನೀರಿನಲ್ಲಿ ಇದರಿಂದ ಪಿಎಚ್ ಕುಸಿದು ನೈಟ್ರೀಕರಣವೇ ಕುಂಠಿತವಾಗಬಹುದು.

ಮಾಧ್ಯಮಗಳ ವಿಧಗಳು

ಯಾಂತ್ರಿಕ ಮಾಧ್ಯಮ

ನೀರಿನಲ್ಲಿ ತೇಲುವ ಮಲ, ಆಹಾರದ ಚೂರು, ಎಲೆಯ ತುಂಡು ಮತ್ತು ಮಣ್ಣಿನ ಕಣಗಳನ್ನು ತಡೆಹಿಡಿಯುವ ವಸ್ತುಗಳು ಯಾಂತ್ರಿಕ ಮಾಧ್ಯಮಗಳು. ರಂಧ್ರಗಳು ದೊಡ್ಡದಾಗಿರುವ ಒರಟು ಸ್ಪಾಂಜು ಬೇಗ ಕಟ್ಟಿಕೊಳ್ಳುವುದಿಲ್ಲ. ನಯವಾದ ಸ್ಪಾಂಜು ಮತ್ತು ಪಾಲಿಯೆಸ್ಟರ್ ಎಳೆಗಳಿಂದ ಮಾಡಿದ ಫಿಲ್ಟರ್ ಹತ್ತಿ ಸಣ್ಣ ಕಣಗಳನ್ನೂ ಹಿಡಿದು ನೀರನ್ನು ತಿಳಿಯಾಗಿಸುತ್ತವೆ. ಆದರೆ ಕೆಲವೇ ದಿನಗಳಲ್ಲಿ ಕಟ್ಟಿಕೊಂಡು ಹರಿವನ್ನು ತಗ್ಗಿಸುತ್ತವೆ. ಔಷಧಾಲಯದಲ್ಲಿ ದೊರೆಯುವ ಸಾಮಾನ್ಯ ಹತ್ತಿ ನೀರಿನಲ್ಲಿ ಮುದ್ದೆಯಾಗಿ ಕೊಳೆಯುವುದರಿಂದ ಅದು ಈ ಕೆಲಸಕ್ಕೆ ಯೋಗ್ಯವಲ್ಲ. ತಡೆಹಿಡಿದ ಕಸವು ನೀರಿನಿಂದ ಹೊರಹೋಗಿರುವುದಿಲ್ಲ, ಫಿಲ್ಟರಿನಲ್ಲೇ ಕೊಳೆಯುತ್ತಿರುತ್ತದೆ. ಆದ್ದರಿಂದ ಯಾಂತ್ರಿಕ ಮಾಧ್ಯಮವನ್ನು ಆಗಾಗ ಶುಚಿಗೊಳಿಸುವುದು ಅಗತ್ಯ.

ಜೈವಿಕ ಮಾಧ್ಯಮ

ಸೂಕ್ಷ್ಮಜೀವಿಗಳು ಅಂಟಿಕೊಂಡು ಬೆಳೆಯಲು ಹೆಚ್ಚು ಮೇಲ್ಮೈ ಒದಗಿಸುವ ವಸ್ತುಗಳು ಜೈವಿಕ ಮಾಧ್ಯಮಗಳು. ಪಿಂಗಾಣಿ ಉಂಗುರ, ಸುಟ್ಟು ಬೆಸೆದ ಗಾಜಿನ ತುಂಡು, ಪ್ಯೂಮಿಸ್ ಮತ್ತು ಲಾವಾ ಕಲ್ಲು, ಪ್ಲಾಸ್ಟಿಕ್ ಜೈವಿಕ ಚೆಂಡು ಹಾಗೂ ಸ್ಪಾಂಜು ಇವುಗಳಲ್ಲಿ ಪ್ರಮುಖವಾದವು. ನೀರಿನಲ್ಲಿ ಸದಾ ಉರುಳುತ್ತಿರುವ ಸಣ್ಣ ಪ್ಲಾಸ್ಟಿಕ್ ಚಕ್ರಗಳ ವಿಧಾನವು ನಾರ್ವೆಯಲ್ಲಿ ಕೊಳಚೆನೀರಿನ ಸಂಸ್ಕರಣೆಗಾಗಿ ರೂಪುಗೊಂಡು ಅನಂತರ ಅಕ್ವೇರಿಯಂಗಳಿಗೂ ಬಂದಿತು. ಈ ಚಕ್ರಗಳಲ್ಲಿ ಕೆ-1 ಎಂಬ ಮಾದರಿಯ ಒಂದು ಘನ ಮೀಟರಿನಲ್ಲಿ ಜೀವಪದರ ಬೆಳೆಯಬಲ್ಲ ಮೇಲ್ಮೈ ಸುಮಾರು 500 ಚದರ ಮೀಟರ್.

ಮಾರಾಟದ ಪೊಟ್ಟಣಗಳ ಮೇಲೆ ಇದಕ್ಕಿಂತ ಅನೇಕ ಪಟ್ಟು ದೊಡ್ಡ ಅಂಕಿಗಳು ಇರುವುದುಂಟು. ಅವು ಕಣ್ಣಿಗೆ ಕಾಣದ ಒಳರಂಧ್ರಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುತ್ತವೆ. ಬ್ಯಾಕ್ಟೀರಿಯಾದ ಗಾತ್ರವೇ ಸುಮಾರು ಒಂದು ಮೈಕ್ರೋಮೀಟರ್ ಆಗಿರುವುದರಿಂದ ಅದಕ್ಕಿಂತ ಕಿರಿದಾದ ರಂಧ್ರಗಳು ವಾಸಕ್ಕೆ ಉಪಯೋಗವಾಗುವುದಿಲ್ಲ. ನೀರು ಮತ್ತು ಆಮ್ಲಜನಕ ತಲುಪದ ಆಳದ ರಂಧ್ರಗಳಲ್ಲಿಯೂ ನೈಟ್ರೀಕರಣ ನಡೆಯುವುದಿಲ್ಲ. ಹೀಗಾಗಿ ಸಾಧಾರಣ ಸಂಖ್ಯೆಯ ಮೀನುಗಳಿರುವ ತೊಟ್ಟಿಗೆ ಒಂದು ಒಳ್ಳೆಯ ಸ್ಪಾಂಜು ಸಾಕಾಗುತ್ತದೆ.

ರಾಸಾಯನಿಕ ಮಾಧ್ಯಮ

ನೀರಿನಲ್ಲಿ ಕರಗಿರುವ ವಸ್ತುಗಳನ್ನು ಹೀರಿಕೊಳ್ಳುವ ಅಥವಾ ವಿನಿಮಯ ಮಾಡಿಕೊಳ್ಳುವ ವಸ್ತುಗಳು ರಾಸಾಯನಿಕ ಮಾಧ್ಯಮಗಳು.

ಸಕ್ರಿಯ ಇದ್ದಿಲು: ಬಣ್ಣ, ವಾಸನೆ, ಕ್ಲೋರಿನ್ ಮತ್ತು ಔಷಧಿಯ ಅವಶೇಷಗಳನ್ನು ಹೀರಿಕೊಳ್ಳುತ್ತದೆ. ಅಮೋನಿಯಾ, ನೈಟ್ರೇಟ್ ಮತ್ತು ಗಡಸುತನವನ್ನು ಇದು ತೆಗೆಯುವುದಿಲ್ಲ. ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ಇದರ ಶಕ್ತಿ ಕುಂದುತ್ತದೆ. ಮೀನಿಗೆ ಔಷಧಿ ಹಾಕುವಾಗ ಇದನ್ನು ಹೊರತೆಗೆಯಬೇಕು, ಇಲ್ಲವಾದರೆ ಔಷಧಿಯೇ ಇದ್ದಿಲಿಗೆ ಸೇರುತ್ತದೆ.

ಜಿಯೋಲೈಟ್: ಅಮೋನಿಯಂ ಅಯಾನುಗಳನ್ನು ಹಿಡಿದಿಡುವ ಖನಿಜ. ತುರ್ತು ಸಂದರ್ಭದಲ್ಲಿ ಉಪಯುಕ್ತ. ಉಪ್ಪುನೀರಿನಲ್ಲಿ ನೆನೆಸಿದಾಗ ಹಿಡಿದ ಅಮೋನಿಯಂ ಹೊರಬರುವುದರಿಂದ ಇದನ್ನು ಮರುಬಳಕೆ ಮಾಡಬಹುದು. ಇದೇ ಕಾರಣದಿಂದ ಜಿಯೋಲೈಟ್ ಇರುವ ತೊಟ್ಟಿಗೆ ಚಿಕಿತ್ಸೆಗೆಂದು ಉಪ್ಪು ಹಾಕಿದರೆ ಅಮೋನಿಯಾ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ.

ಸುಣ್ಣದ ಕಲ್ಲು, ಹವಳದ ಚೂರು, ಕಪ್ಪೆಚಿಪ್ಪು: ನಿಧಾನವಾಗಿ ಕರಗಿ ಗಡಸುತನ ಮತ್ತು ಪಿಎಚ್ ಏರಿಸುತ್ತವೆ. ಮೆದು ನೀರಿಗೆ ಇವು ಅನುಕೂಲ. ಗಡಸು ನೀರಿರುವಲ್ಲಿ ಬೇಕಾಗಿಲ್ಲ.

ಆಯ್ಕೆ ಮತ್ತು ಜೋಡಣೆ

ನೀರು ಮೊದಲು ಒರಟು ಸ್ಪಾಂಜನ್ನು, ನಂತರ ನಯವಾದ ಸ್ಪಾಂಜು ಅಥವಾ ಹತ್ತಿಯನ್ನು, ಆಮೇಲೆ ಜೈವಿಕ ಮಾಧ್ಯಮವನ್ನು, ಕೊನೆಯಲ್ಲಿ ಅಗತ್ಯವಿದ್ದರೆ ರಾಸಾಯನಿಕ ಮಾಧ್ಯಮವನ್ನು ಹಾದುಹೋಗುವಂತೆ ಜೋಡಿಸುವುದು ರೂಢಿ. ಕಸವು ಮೊದಲೇ ತಡೆಯಲ್ಪಡುವುದರಿಂದ ಜೈವಿಕ ಮಾಧ್ಯಮದ ರಂಧ್ರಗಳು ಮುಚ್ಚಿಕೊಳ್ಳುವುದಿಲ್ಲ. ಕ್ಯಾನಿಸ್ಟರ್ ಫಿಲ್ಟರುಗಳಲ್ಲಿ ನೀರು ಅನೇಕ ವೇಳೆ ಕೆಳಗಿನಿಂದ ಮೇಲಕ್ಕೆ ಹರಿಯುವುದರಿಂದ ಒರಟು ಸ್ಪಾಂಜು ತಳದ ಬುಟ್ಟಿಯಲ್ಲಿರಬೇಕು. ಮೇಲಿನಿಂದ ನೀರು ಸುರಿಯುವ ಫಿಲ್ಟರುಗಳಲ್ಲಿ ಕ್ರಮ ಇದಕ್ಕೆ ತದ್ವಿರುದ್ಧ.

ಫಿಲ್ಟರಿನ ಮೇಲೆ ನಮೂದಿಸಿರುವ ಹರಿವು ಗಂಟೆಗೆ ತೊಟ್ಟಿಯ ಗಾತ್ರದ ನಾಲ್ಕರಿಂದ ಆರು ಪಟ್ಟು ಇರಬೇಕೆಂಬುದು ಸಾಮಾನ್ಯ ಸೂತ್ರ. ಮಾಧ್ಯಮ ತುಂಬಿದ ನಂತರ ನಿಜವಾದ ಹರಿವು ನಮೂದಿಗಿಂತ ಕಡಿಮೆಯಿರುತ್ತದೆ. ಫೈಟರ್ ಮೀನು ಮತ್ತು ಮರಿಗಳಿರುವ ತೊಟ್ಟಿಗೆ ಗಾಳಿ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಸೂಕ್ತ, ಏಕೆಂದರೆ ಅದರ ಹರಿವು ಮೆದು ಮತ್ತು ಮರಿಗಳನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಹೆಚ್ಚು ತಿಂದು ಹೆಚ್ಚು ವಿಸರ್ಜಿಸುವ ಗೋಲ್ಡ್‌ಫಿಷ್‌ಗೆ ಯಾಂತ್ರಿಕ ಮತ್ತು ಜೈವಿಕ ಮಾಧ್ಯಮಗಳೆರಡೂ ಹೆಚ್ಚಿನ ಪ್ರಮಾಣದಲ್ಲಿ ಬೇಕು.

ನೀರಿನ ಮೂಲ ಮತ್ತು ಮಾಧ್ಯಮ: ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳು

ಕೃಷ್ಣರಾಜಸಾಗರ ಜಲಾಶಯವು ಕಾವೇರಿ, ಹೇಮಾವತಿ ಮತ್ತು ಲಕ್ಷ್ಮಣತೀರ್ಥ ನದಿಗಳ ಸಂಗಮದ ಬಳಿ ಇದೆ. ಇದರ ನಿರ್ಮಾಣ 1911ರಲ್ಲಿ ಆರಂಭವಾಯಿತು. ಜಲಾಶಯದ ಕೆಳಗೆ ಕಾವೇರಿಯ ಕವಲುಗಳ ನಡುವೆ ಶ್ರೀರಂಗಪಟ್ಟಣ ದ್ವೀಪವಿದೆ. ಪಾಂಡವಪುರ ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆ ಮತ್ತು ತೊಣ್ಣೂರು ಕೆರೆ ಇವೆ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿ ಹರಿಯುತ್ತದೆ. ನಾಗಮಂಗಲ ತಾಲ್ಲೂಕು ಹೆಚ್ಚಾಗಿ ಒಣಭೂಮಿಯಾಗಿದ್ದು ಕೆರೆ ಮತ್ತು ಕೊಳವೆಬಾವಿಗಳನ್ನು ಅವಲಂಬಿಸಿದೆ. ಈ ಪ್ರದೇಶದ ಅಂತರ್ಜಲವು ಗಟ್ಟಿ ನೈಸ್ ಮತ್ತು ಗ್ರಾನೈಟ್ ಶಿಲೆಗಳ ಬಿರುಕುಗಳಲ್ಲಿ ಸಂಗ್ರಹವಾಗುತ್ತದೆ. ಹೀಗಾಗಿ ಒಂದೇ ತಾಲ್ಲೂಕಿನೊಳಗೂ, ಕೆಲವೊಮ್ಮೆ ಒಂದೇ ಊರಿನೊಳಗೂ, ಮನೆಗೆ ಬರುವ ನೀರು ಭಿನ್ನವಾಗಿರುತ್ತದೆ.

ನದಿ ಮತ್ತು ನಾಲೆಯ ನೀರು

ನದಿಯ ನೀರು ಸಾಮಾನ್ಯವಾಗಿ ಕೊಳವೆಬಾವಿಯ ನೀರಿಗಿಂತ ಮೆದು. ಹೆಚ್ಚಿನ ಅಲಂಕಾರಿಕ ಮೀನುಗಳಿಗೆ ಇದು ಒಗ್ಗುತ್ತದೆ. ಮುಂಗಾರಿನಲ್ಲಿ ಹೊಸನೀರು ಬಂದಾಗ ಮಣ್ಣಿನ ಕಣಗಳಿಂದ ಕೆಂಪಾಗುತ್ತದೆ. ಅಂತಹ ನೀರನ್ನು ನೇರವಾಗಿ ತೊಟ್ಟಿಗೆ ಹಾಕಿದರೆ ಜೇಡಿಯು ಜೈವಿಕ ಮಾಧ್ಯಮದ ರಂಧ್ರಗಳನ್ನು ಮುಚ್ಚುತ್ತದೆ. ಒಂದೆರಡು ದಿನ ಡ್ರಮ್ಮಿನಲ್ಲಿ ನಿಲ್ಲಿಸಿ, ಮೇಲಿನ ತಿಳಿಯನ್ನು ಮಾತ್ರ ಬಳಸುವುದು ಸುರಕ್ಷಿತ. ಪಟಿಕದಿಂದ ತಿಳಿಗೊಳಿಸಿದರೆ ನೀರಿನ ಕ್ಷಾರತೆ ತಗ್ಗುತ್ತದೆ. ಮೊದಲೇ ಮೆದುವಾದ ನೀರಿನಲ್ಲಿ ಇದು ಪಿಎಚ್ ಕುಸಿತಕ್ಕೆ ದಾರಿ ಮಾಡಬಹುದು. ಗದ್ದೆಗಳ ನಡುವೆ ಹಾಯುವ ಕಾಲುವೆಯ ನೀರಿನಲ್ಲಿ ಕೀಟನಾಶಕದ ಅಂಶವಿರಬಹುದಾದ್ದರಿಂದ ಭತ್ತ ಮತ್ತು ಕಬ್ಬಿಗೆ ಔಷಧಿ ಸಿಂಪಡಿಸುವ ದಿನಗಳಲ್ಲಿ ಅದನ್ನು ಬಳಸದಿರುವುದು ಒಳಿತು.

ನಲ್ಲಿಯ ನೀರು

ಮೈಸೂರು ನಗರಕ್ಕೆ ಕಾವೇರಿ ನೀರು ಒದಗಿಸುವ ಹೊಂಗಳ್ಳಿ, ಬೆಳಗೊಳ ಮತ್ತು ಮೇಳಾಪುರದ ಸ್ಥಾವರಗಳು ಇದೇ ಪ್ರದೇಶದಲ್ಲಿವೆ. ಇಂತಹ ಸರಬರಾಜಿನಲ್ಲಿ ರೋಗಾಣುಗಳನ್ನು ಕೊಲ್ಲಲು ಕ್ಲೋರಿನ್ ಬೆರೆಸಲಾಗುತ್ತದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500 ಪ್ರಕಾರ ಬಳಕೆದಾರರನ್ನು ತಲುಪುವ ಕ್ಲೋರಿನ್ ಬೆರೆಸಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಮನುಷ್ಯರಿಗೆ ಇದು ರಕ್ಷಣೆ. ಮೀನಿನ ಕಿವಿರಿಗೂ ಮಾಧ್ಯಮದ ಬ್ಯಾಕ್ಟೀರಿಯಾಗಳಿಗೂ ಹಾನಿ. ಅಗಲ ಬಾಯಿಯ ಪಾತ್ರೆಯಲ್ಲಿ ಗಾಳಿ ಪಂಪು ಹಾಕಿ 24 ಗಂಟೆ ಇಟ್ಟರೆ ಮುಕ್ತ ಕ್ಲೋರಿನ್ ಹೊರಹೋಗುತ್ತದೆ. ಸೋಡಿಯಂ ಥಯೋಸಲ್ಫೇಟ್ ಬೆರೆಸಿದರೆ ಕೂಡಲೇ ನಿಷ್ಕ್ರಿಯವಾಗುತ್ತದೆ.

ಕೊಳವೆಬಾವಿಯ ನೀರು

ಶಿಲೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಗಡಸಾಗಿರುವುದು ಸಾಮಾನ್ಯ. ಪಾತ್ರೆಯಲ್ಲಿ ಕಾಯಿಸಿದಾಗ ಬಿಳಿ ಪದರ ಕಟ್ಟುವುದು, ಸೋಪು ನೊರೆ ಬಾರದಿರುವುದು ಇದರ ಗುರುತು. ಐಎಸ್ 10500 ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೆ ಅನುಮತಿಯಿದೆ. ಗಪ್ಪಿ, ಮೋಲಿ, ಪ್ಲಾಟಿ, ಗೋಲ್ಡ್‌ಫಿಷ್ ಮೀನುಗಳು ಗಡಸು ನೀರಿಗೆ ಹೊಂದಿಕೊಳ್ಳುತ್ತವೆ. ನಿಯಾನ್ ಟೆಟ್ರಾ, ಡಿಸ್ಕಸ್ ಮುಂತಾದ ಮೆದುನೀರಿನ ಮೀನುಗಳಿಗೆ ಅದು ಹಿತವಲ್ಲ.

ಗಡಸು ನೀರಿನಲ್ಲಿ ಕ್ಷಾರತೆ ಸಾಮಾನ್ಯವಾಗಿ ಹೆಚ್ಚಿರುವುದರಿಂದ ನೈಟ್ರೀಕರಣ ಸುಗಮವಾಗಿ ನಡೆಯುತ್ತದೆ. ಇದು ಅದರ ಅನುಕೂಲ. ಪಿಎಚ್ ಹೆಚ್ಚಿರುವಲ್ಲಿ ಅಮೋನಿಯಾದ ವಿಷ ತೀವ್ರವಾಗುವುದು ಅನನುಕೂಲ. ಆದ್ದರಿಂದ ಇಂತಹ ನೀರಿನ ತೊಟ್ಟಿಯಲ್ಲಿ ಜೈವಿಕ ಮಾಧ್ಯಮಕ್ಕೆ ಒಂದು ದಿನ ಧಕ್ಕೆಯಾದರೂ ಪರಿಣಾಮ ಬೇಗ ಕಾಣುತ್ತದೆ. ಮಾಧ್ಯಮದಿಂದ ಗಡಸುತನ ತೆಗೆಯಲು ಯತ್ನಿಸುವುದಕ್ಕಿಂತ ಶುದ್ಧ ಮಳೆನೀರನ್ನು ಬೆರೆಸುವುದು ಸುಲಭ. ಮೊದಲ ಮಳೆಗೆ ತಾರಸಿ ತೊಳೆದುಹೋದ ನಂತರದ ನೀರನ್ನು ಮಾತ್ರ ಸಂಗ್ರಹಿಸಿ, ಪ್ರತಿ ಬಾರಿಯೂ ಒಂದೇ ಅನುಪಾತದಲ್ಲಿ ಬೆರೆಸಬೇಕು.

ಗೊಬ್ಬರ ಹೆಚ್ಚಾಗಿ ಬಳಸುವ ನೀರಾವರಿ ಪ್ರದೇಶದ ಅಂತರ್ಜಲದಲ್ಲಿ ನೈಟ್ರೇಟ್ ಇರುವ ಸಾಧ್ಯತೆಯಿದೆ. ಕುಡಿಯುವ ನೀರಿನಲ್ಲಿ ಇದರ ಮಿತಿ ಲೀಟರಿಗೆ 45 ಮಿ.ಗ್ರಾಂ. ಮೂಲದ ನೀರಿನಲ್ಲೇ 40 ಮಿ.ಗ್ರಾಂ ನೈಟ್ರೇಟ್ ಇದ್ದರೆ, ಎಷ್ಟು ಬಾರಿ ನೀರು ಬದಲಾಯಿಸಿದರೂ ತೊಟ್ಟಿಯ ಪ್ರಮಾಣ ಅದಕ್ಕಿಂತ ಕೆಳಗಿಳಿಯುವುದಿಲ್ಲ. ಸಾಮಾನ್ಯ ಮಾಧ್ಯಮಗಳು ಯಾವುವೂ ಇದನ್ನು ತೆಗೆಯಲಾರವು. ವೇಗವಾಗಿ ಬೆಳೆಯುವ ಜಲಸಸ್ಯಗಳು ಅಥವಾ ಬೇರು ಮಾತ್ರ ನೀರಿಗೆ ಇಳಿಬಿಟ್ಟ ಮನಿ ಪ್ಲಾಂಟ್ ಬಳ್ಳಿ ಇದನ್ನು ಹೀರಿಕೊಳ್ಳುತ್ತವೆ.

ಸ್ಥಳೀಯವಾಗಿ ದೊರೆಯುವ ವಸ್ತುಗಳು

ಅಂಗಡಿಯ ಮಾಧ್ಯಮಗಳಿಗೆ ಬದಲಾಗಿ ಗ್ರಾಮೀಣ ಪ್ರದೇಶದಲ್ಲಿ ಸಿಗುವ ಕೆಲವು ವಸ್ತುಗಳನ್ನೂ ಬಳಸಬಹುದು.

ಹೆಂಚು ಮತ್ತು ಇಟ್ಟಿಗೆಯ ಚೂರು: ಚೆನ್ನಾಗಿ ಬೆಂದ ಮಣ್ಣಿನ ಹೆಂಚು, ಮಡಕೆ ಮತ್ತು ಇಟ್ಟಿಗೆ ರಂಧ್ರಯುಕ್ತವಾಗಿದ್ದು ಉತ್ತಮ ಜೈವಿಕ ಮಾಧ್ಯಮವಾಗುತ್ತವೆ. ಒಂದೆರಡು ಸೆಂಟಿಮೀಟರಿನ ಚೂರುಗಳನ್ನಾಗಿ ಒಡೆದು, ದೂಳು ಹೋಗುವಂತೆ ತೊಳೆದು, ಕೆಲವು ದಿನ ನೀರಿನಲ್ಲಿ ನೆನೆಸಿಡಬೇಕು. ಸರಿಯಾಗಿ ಬೇಯದ ಇಟ್ಟಿಗೆ ನೀರಿನಲ್ಲಿ ಕರಗಿ ಕೆಸರಾಗುತ್ತದೆ. ಸಿಮೆಂಟು, ಸುಣ್ಣ ಅಥವಾ ಬಣ್ಣ ಅಂಟಿದ ಚೂರುಗಳನ್ನು ಬಳಸಬಾರದು.

ಜಲ್ಲಿ: ಗ್ರಾನೈಟ್ ಜಲ್ಲಿ ನೀರಿನೊಂದಿಗೆ ಪ್ರತಿಕ್ರಿಯಿಸುವುದಿಲ್ಲ. ಮೇಲ್ಮೈ ರಂಧ್ರರಹಿತವಾದ್ದರಿಂದ ಇದರ ಜೈವಿಕ ಸಾಮರ್ಥ್ಯ ಹೆಂಚಿನ ಚೂರಿಗಿಂತ ಕಡಿಮೆ. ಕಲ್ಲಿನಲ್ಲಿ ಸುಣ್ಣದ ಅಂಶವಿದೆಯೇ ಎಂದು ತಿಳಿಯಲು ಅದರ ಮೇಲೆ ವಿನೆಗರ್ ಅಥವಾ ನಿಂಬೆರಸದ ಹನಿ ಹಾಕಿ ನೋಡಬಹುದು. ನೊರೆ ಬಂದರೆ ಸುಣ್ಣವಿದೆ ಎಂದರ್ಥ.

ತೆಂಗಿನ ಚಿಪ್ಪಿನ ಇದ್ದಿಲು: ತೆಂಗಿನ ಚಿಪ್ಪು ಸಕ್ರಿಯ ಇದ್ದಿಲಿನ ತಯಾರಿಕೆಗೆ ಮುಖ್ಯ ಕಚ್ಚಾವಸ್ತು. ಆದರೆ ಮನೆಯಲ್ಲಿ ಸುಟ್ಟ ಚಿಪ್ಪಿನ ಇದ್ದಿಲು ಸಕ್ರಿಯ ಇದ್ದಿಲಲ್ಲ. ಕಾರ್ಖಾನೆಯಲ್ಲಿ 800 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಉಷ್ಣತೆಯಲ್ಲಿ ಹಬೆ ಹಾಯಿಸಿದಾಗ ಮಾತ್ರ ಅದರಲ್ಲಿ ಅಸಂಖ್ಯ ಸೂಕ್ಷ್ಮರಂಧ್ರಗಳು ತೆರೆದುಕೊಳ್ಳುತ್ತವೆ. ಒಲೆಯ ಇದ್ದಿಲಿಗೆ ಅಂಟಿರುವ ಬೂದಿಯು ನೀರಿನ ಪಿಎಚ್ ಅನ್ನು ಏರಿಸುತ್ತದೆ.

ತೆಂಗಿನ ನಾರು: ಆರಂಭದಲ್ಲಿ ಕಸ ಹಿಡಿದರೂ ನೀರಿಗೆ ಕಂದುಬಣ್ಣ ಬಿಡುತ್ತದೆ, ಕಾಲಕ್ರಮೇಣ ಕೊಳೆಯುತ್ತದೆ. ಶಾಶ್ವತ ಮಾಧ್ಯಮವಾಗಿ ಇದು ಸೂಕ್ತವಲ್ಲ.

ಹೊಸ ಮಾಧ್ಯಮವನ್ನು ಹದಗೊಳಿಸುವುದು

ಹೊಸ ಮಾಧ್ಯಮದಲ್ಲಿ ಬ್ಯಾಕ್ಟೀರಿಯಾಗಳು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇವುಗಳ ಬೆಳವಣಿಗೆಗೆ ಅನುಕೂಲ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ನಂತರ ನೈಟ್ರೈಟ್ ಏರಿ ಇಳಿಯುತ್ತದೆ, ಕೊನೆಯಲ್ಲಿ ನೈಟ್ರೇಟ್ ಕಾಣಿಸಿಕೊಳ್ಳುತ್ತದೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಬಂದಾಗ ಮಾಧ್ಯಮ ಹದಗೊಂಡಿದೆ ಎಂದು ತಿಳಿಯಬಹುದು. ನೀರು ತಿಳಿಯಾಗಿ ಕಾಣುವುದು ಇದರ ಗುರುತಲ್ಲ. ಅಮೋನಿಯಾ ಮತ್ತು ನೈಟ್ರೈಟಿಗೆ ಬಣ್ಣವಿಲ್ಲ. ಪರೀಕ್ಷಾ ಕಿಟ್‌ನಿಂದ ಮಾತ್ರ ತಿಳಿಯುತ್ತದೆ.

ಆರೋಗ್ಯವಂತ ಮೀನುಗಳಿರುವ ಹಳೆಯ ತೊಟ್ಟಿಯಿಂದ ಸ್ವಲ್ಪ ಸ್ಪಾಂಜು ಅಥವಾ ಉಂಗುರಗಳನ್ನು ತಂದು ಹೊಸ ಫಿಲ್ಟರಿಗೆ ಸೇರಿಸಿದರೆ ಈ ಅವಧಿ ಗಣನೀಯವಾಗಿ ಕಡಿಮೆಯಾಗುತ್ತದೆ. ಸಾಗಿಸುವಾಗ ಮಾಧ್ಯಮ ಒಣಗಬಾರದು. ಹಳೆಯ ತೊಟ್ಟಿಯ ನೀರನ್ನಷ್ಟೇ ತರುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಈ ಬ್ಯಾಕ್ಟೀರಿಯಾಗಳು ಬಹುಪಾಲು ಮೇಲ್ಮೈಗಳಿಗೆ ಅಂಟಿಕೊಂಡಿರುತ್ತವೆ. ಹದಗೊಳ್ಳುವ ಅವಧಿಯಲ್ಲಿ ಮೀನುಗಳಿದ್ದರೆ ಸಂಖ್ಯೆ ಕಡಿಮೆಯಿರಬೇಕು, ಆಹಾರ ಮಿತವಾಗಿರಬೇಕು.

ನಿರ್ವಹಣೆ

ಪ್ರತಿದಿನ: ಫಿಲ್ಟರಿನ ಹರಿವು ಮತ್ತು ಮೀನುಗಳ ಉಸಿರಾಟವನ್ನು ಗಮನಿಸುವುದು. ಹರಿವು ತಗ್ಗಿದರೆ ಯಾಂತ್ರಿಕ ಮಾಧ್ಯಮ ಕಟ್ಟಿಕೊಂಡಿದೆ ಎಂದರ್ಥ.

ವಾರಕ್ಕೊಮ್ಮೆ: ತೊಟ್ಟಿಯ ಶೇಕಡ 25ರಿಂದ 30ರಷ್ಟು ನೀರನ್ನು ಬದಲಾಯಿಸುವುದು. ಹೊರತೆಗೆದ ಇದೇ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಒರಟು ಸ್ಪಾಂಜನ್ನು ಅದರಲ್ಲಿ ಹಿಂಡುವುದು. ಫಿಲ್ಟರ್ ಹತ್ತಿಯನ್ನು ತೊಳೆಯುವುದು ಅಥವಾ ಬದಲಾಯಿಸುವುದು.

ಎರಡು ಮೂರು ತಿಂಗಳಿಗೊಮ್ಮೆ: ಜೈವಿಕ ಮಾಧ್ಯಮವನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ಮೆಲ್ಲಗೆ ಅಲುಗಾಡಿಸುವುದು. ಕಂದುಬಣ್ಣ ಪೂರ್ತಿ ಹೋಗುವಂತೆ ಉಜ್ಜಬಾರದು. ಆ ಬಣ್ಣದ ಪದರದಲ್ಲೇ ಬ್ಯಾಕ್ಟೀರಿಯಾಗಳಿರುತ್ತವೆ. ಪಂಪಿನ ತಿರುಗುಚಕ್ರಕ್ಕೆ ಗಡಸು ನೀರಿನಿಂದ ಕಟ್ಟಿದ ಬಿಳಿ ಪದರವನ್ನು ವಿನೆಗರಿನಲ್ಲಿ ನೆನೆಸಿ ತೆಗೆದು, ನೀರಿನಲ್ಲಿ ತೊಳೆದು ಮತ್ತೆ ಜೋಡಿಸುವುದು.

ಯಾಂತ್ರಿಕ ಮತ್ತು ಜೈವಿಕ ಮಾಧ್ಯಮಗಳನ್ನು ಒಂದೇ ದಿನ ಶುಚಿಗೊಳಿಸದೆ, ನಡುವೆ ಒಂದೆರಡು ವಾರದ ಅಂತರವಿಡುವುದು ಸುರಕ್ಷಿತ. ಸೋಪು, ಡಿಟರ್ಜೆಂಟ್, ಬ್ಲೀಚಿಂಗ್ ಪುಡಿ ಅಥವಾ ಬಿಸಿನೀರನ್ನು ಬಳಸಬಾರದು. ಬಿಸಿಲಿನಲ್ಲಿ ಒಣಗಿಸಬಾರದು. ಪಿಂಗಾಣಿ ಉಂಗುರ, ಲಾವಾ ಕಲ್ಲು ಮತ್ತು ಹೆಂಚಿನ ಚೂರುಗಳು ವರ್ಷಗಟ್ಟಲೆ ಬಾಳುತ್ತವೆ. ಸ್ಪಾಂಜು ಹಿಂಡಿದ ಮೇಲೆ ಮೊದಲಿನ ಆಕಾರಕ್ಕೆ ಮರಳದಿದ್ದಾಗ ಮಾತ್ರ ಬದಲಿಸಬೇಕು. ಬದಲಿಸುವಾಗಲೂ ಹೊಸದನ್ನು ಹಳೆಯದರ ಜೊತೆಗೆ ನಾಲ್ಕರಿಂದ ಆರು ವಾರ ಇಟ್ಟು, ಅನಂತರ ಹಳೆಯದನ್ನು ತೆಗೆಯಬೇಕು.

ನೈಟ್ರೇಟಿನ ಲೆಕ್ಕವು ನೀರು ಬದಲಾಯಿಸುವ ಅಗತ್ಯವನ್ನು ತೋರಿಸುತ್ತದೆ. ಮೇಲಿನ ಉದಾಹರಣೆಯ 100 ಲೀಟರ್ ತೊಟ್ಟಿಯಲ್ಲಿ ವಾರಕ್ಕೆ ಲೀಟರಿಗೆ ಸುಮಾರು 10 ಮಿ.ಗ್ರಾಂ ನೈಟ್ರೇಟ್ ಸೇರುತ್ತದೆ. ಸಸ್ಯಗಳಿಲ್ಲದ ತೊಟ್ಟಿಯಲ್ಲಿ ವಾರಕ್ಕೆ ಶೇಕಡ 30ರಷ್ಟು ನೀರು ಬದಲಿಸಿದರೆ ಅದು ಮೂಲದ ನೀರಿಗಿಂತ ಸುಮಾರು 33 ಮಿ.ಗ್ರಾಂ ಹೆಚ್ಚಿನ ಮಟ್ಟಕ್ಕೆ ಬಂದು ಅಲ್ಲಿಗೆ ನಿಲ್ಲುತ್ತದೆ. ಬದಲಿಸದಿದ್ದರೆ ಏರುತ್ತಲೇ ಹೋಗುತ್ತದೆ.

ವಿದ್ಯುತ್ ಕಡಿತ

ವಿದ್ಯುತ್ ನಿಂತಾಗ ಮಾಧ್ಯಮದ ಮೂಲಕ ನೀರಿನ ಹರಿವು ನಿಲ್ಲುತ್ತದೆ. ಮುಚ್ಚಿದ ಕ್ಯಾನಿಸ್ಟರಿನೊಳಗಿನ ಆಮ್ಲಜನಕವನ್ನು ಬ್ಯಾಕ್ಟೀರಿಯಾಗಳು ಕೆಲವೇ ಗಂಟೆಗಳಲ್ಲಿ ಮುಗಿಸುತ್ತವೆ. ಬಳಿಕ ಅಲ್ಲಿನ ಕಸ ಆಮ್ಲಜನಕರಹಿತವಾಗಿ ಕೊಳೆಯತೊಡಗುತ್ತದೆ. ವಿದ್ಯುತ್ ಬಂದ ಕೂಡಲೇ ಆ ನೀರು ತೊಟ್ಟಿಗೆ ನುಗ್ಗಿದರೆ ಮೀನುಗಳಿಗೆ ಅಪಾಯ. ದೀರ್ಘಕಾಲ ಕಡಿತವಾದಾಗ ಕ್ಯಾನಿಸ್ಟರಿನ ನೀರನ್ನು ಚೆಲ್ಲಿ, ಮಾಧ್ಯಮವನ್ನು ತೊಟ್ಟಿಯ ನೀರಿನಲ್ಲಿ ಜಾಲಿಸಿ, ಅನಂತರ ಚಾಲನೆ ಮಾಡಬೇಕು. ಕಡಿತ ಮುಂದುವರಿಯುವುದಾದರೆ ಮಾಧ್ಯಮವನ್ನು ಹೊರತೆಗೆದು ತೊಟ್ಟಿಯ ನೀರಿನಲ್ಲೇ ತೇಲಿಬಿಡಬಹುದು, ಅಥವಾ ಅಗಲ ಪಾತ್ರೆಯಲ್ಲಿ ಒದ್ದೆಯಾಗಿ ಗಾಳಿಗೆ ತೆರೆದಿಡಬಹುದು. ಕಡಿತ ಹೆಚ್ಚಿರುವ ಊರುಗಳಲ್ಲಿ ಬ್ಯಾಟರಿಯ ಗಾಳಿ ಪಂಪಿನಿಂದಲೂ ನಡೆಯುವ ಸ್ಪಾಂಜ್ ಫಿಲ್ಟರ್ ಹೆಚ್ಚು ಭರವಸೆಯದು. ವಿದ್ಯುತ್ ಇಲ್ಲದ ಅವಧಿಯಲ್ಲಿ ಮೀನಿಗೆ ಆಹಾರ ಹಾಕಬಾರದು.

ತೊಂದರೆಯ ಲಕ್ಷಣಗಳು

ಮೀನುಗಳು ಮೇಲ್ಮೈಯಲ್ಲಿ ಬಾಯಿ ತೆರೆದು ಉಸಿರಾಡುವುದು, ಕಿವಿರು ಕೆಂಪಾಗುವುದು ಅಥವಾ ಕಂದುಬಣ್ಣಕ್ಕೆ ತಿರುಗುವುದು, ಆಹಾರ ಬಿಡುವುದು, ತಳದಲ್ಲಿ ಮಂಕಾಗಿ ಕೂರುವುದು ಅಮೋನಿಯಾ ಅಥವಾ ನೈಟ್ರೈಟ್ ಏರಿಕೆಯ ಲಕ್ಷಣಗಳು. ಮಾಧ್ಯಮ ತೊಳೆದ ಒಂದೆರಡು ದಿನಗಳಲ್ಲಿ ಇವು ಕಂಡರೆ ಬ್ಯಾಕ್ಟೀರಿಯಾಗಳು ನಾಶವಾಗಿರುವ ಸಂಭವ ಹೆಚ್ಚು. ಕೂಡಲೇ ಕ್ಲೋರಿನ್‌ರಹಿತ ನೀರಿನಿಂದ ಮೂರನೆಯ ಒಂದು ಭಾಗ ನೀರು ಬದಲಾಯಿಸುವುದು, ಗಾಳಿ ಹೆಚ್ಚಿಸುವುದು, ಆಹಾರ ನಿಲ್ಲಿಸುವುದು ಮತ್ತು ಸಾಧ್ಯವಿದ್ದರೆ ಬೇರೆ ತೊಟ್ಟಿಯ ಹದಗೊಂಡ ಮಾಧ್ಯಮವನ್ನು ಸೇರಿಸುವುದು ಪರಿಹಾರ ಕ್ರಮಗಳು. ಇಂತಹ ಸಮಯದಲ್ಲಿ ಫಿಲ್ಟರನ್ನು ಮತ್ತೊಮ್ಮೆ ತೊಳೆಯುವುದರಿಂದ ಹಾನಿ ಹೆಚ್ಚುತ್ತದೆ.

ವಿಲೇವಾರಿ ಮತ್ತು ಪರಿಸರ

ಮಾಧ್ಯಮ ತೊಳೆದ ನೀರಿನಲ್ಲಿ ಸಾರಜನಕ ಮತ್ತು ರಂಜಕದ ಅಂಶಗಳಿರುವುದರಿಂದ ಅದು ಹೂಗಿಡಗಳಿಗೆ, ತೆಂಗು ಬಾಳೆಗಳ ಬುಡಕ್ಕೆ ಒಳ್ಳೆಯ ಗೊಬ್ಬರ. ಉಪ್ಪು ಅಥವಾ ಔಷಧಿ ಬೆರೆಸಿದ ನೀರನ್ನು ಗಿಡಗಳಿಗೆ ಹಾಕಬಾರದು. ಬಳಸಿದ ಮಾಧ್ಯಮ, ಜಲಸಸ್ಯ, ಬಸವನಹುಳು ಮತ್ತು ಮೀನುಗಳನ್ನು ಕೆರೆ, ನಾಲೆ ಅಥವಾ ನದಿಗೆ ಬಿಡುವುದು ಪರಿಸರಕ್ಕೆ ಅಪಾಯಕಾರಿ. ಮಾಧ್ಯಮದ ರಂಧ್ರಗಳಲ್ಲಿ ಬಸವನಹುಳುವಿನ ಮೊಟ್ಟೆ, ಸಸ್ಯದ ತುಂಡು ಮತ್ತು ರೋಗಾಣುಗಳು ಉಳಿದಿರಬಹುದು. ತೊಟ್ಟಿಯ ಪಾಚಿ ತಿನ್ನಲೆಂದು ಸಾಕುವ, ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನು ದಕ್ಷಿಣ ಭಾರತದ ಹಲವು ಜಲಮೂಲಗಳಲ್ಲಿ ಈಗಾಗಲೇ ನೆಲೆಸಿದೆ. ಕಾವೇರಿ ಜಲಾನಯನ ಪ್ರದೇಶಕ್ಕೆ ಮಾತ್ರ ಸೀಮಿತವಾದ, ಬೆನ್ನುಗೂನಿನ ಮಹಸೀರ್ ಮೀನು ಅಳಿವಿನ ಅಂಚಿನಲ್ಲಿದ್ದು, 2018ರಲ್ಲಿ ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿತು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿಧಾಮವು 2022ರಲ್ಲಿ ರಾಮ್ಸಾರ್ ತಾಣವಾಗಿ ಗುರುತಿಸಲ್ಪಟ್ಟ ಜೌಗುಪ್ರದೇಶ. ಬಳಸಿ ಬಿಸಾಡುವ ಸ್ಪಾಂಜು ಮತ್ತು ಹತ್ತಿಯನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಒಣಕಸಕ್ಕೆ ಸೇರಿಸುವುದು ಸೂಕ್ತ. ಹೆಂಚು ಮತ್ತು ಕಲ್ಲಿನ ಚೂರುಗಳನ್ನು ಕುದಿಸಿ ಒಣಗಿಸಿದರೆ ಮರುಬಳಕೆ ಮಾಡಬಹುದು.

ಇವನ್ನೂ ನೋಡಿ

ಸಾರಜನಕ ಚಕ್ರ
ನೀರಿನ ಗಡಸುತನ
ಸಕ್ರಿಯ ಇದ್ದಿಲು
ಕೃಷ್ಣರಾಜಸಾಗರ
ರಂಗನತಿಟ್ಟು ಪಕ್ಷಿಧಾಮ